ಎರಡನೇ ಗೇರು ಮತ್ತು ಭಾವನ ಮೊಣಕಾಲು

ನನ್ನ ಅಕ್ಕನನ್ನು ಕೊಟ್ಟಿರುವುದು ಯಲ್ಲದಕೆರೆ ಕಡೆಯ ಒಂದು ಕುರಿಹಟ್ಟಿಗೆ. ಹಿಂಡನ್ನು ಹೊಸಬರ ಕೈಗೆ ಒಪ್ಪಿಸುವಾಗ ಆ ಮನೆಯಲ್ಲಿ ಒಂದು ಕಟ್ಟಳೆ ನಡೆದುಬಂದಿದೆ. ಕಾಯುವವರು ಬೆಳಿಗ್ಗೆ ಹಿಂಡು ಹೊಡೆದುಕೊಂಡು ಹೊರಡುತ್ತಾರೆ, ಮನೆಯ ಹಿರಿಯ ಕೋಲು ಹಿಡಿದು ಹಿಂದೆ ನಡೆಯುತ್ತಾನೆ. ಹೋಗುವ ಜಾಗ ಮುಟ್ಟುವವರೆಗೂ ಹಿರಿಯ ತುಟಿ ಬಿಚ್ಚುವಂತಿಲ್ಲ. ಕುರಿ ಯಾರದೋ ಶೇಂಗಾ ಹೊಲಕ್ಕೆ ನುಗ್ಗಲಿ, ಟಗರು ಬಾವಿ ಇಣುಕಲಿ, ಅವನು ನೋಡಿಕೊಂಡು ಸುಮ್ಮನಿರಬೇಕು. ಒಂದು ಮಾತು ಹೊರಬಿತ್ತೋ, ಕಾಯುವವರು ಇನ್ನೂ ತಯಾರಾಗಿಲ್ಲ ಎಂದು ಲೆಕ್ಕ. ಮತ್ತೆ ಪರೀಕ್ಷೆ ಮುಂದಿನ ವರ್ಷವೇ. ಇದೇ ಕಟ್ಟಳೆಯನ್ನು ಡೀಸೆಲ್ ಪಿಕಪ್ ಗಾಡಿಗೂ ಹಚ್ಚಬಹುದು ಎಂದು ಭಾವನಿಗೆ ಯಾವ ಘಳಿಗೆಯಲ್ಲಿ ಹೊಳೆಯಿತೋ ತಿಳಿಯದು.

ಪರೀಕ್ಷೆಗೆ ಕೂರಬೇಕಾದವಳು ಅವರ ಮಗಳು. ಅವಳಿಗೆ ಲೈಸೆನ್ಸ್ ಇತ್ತು. ಆದರೆ ಅದನ್ನು ಚಿತ್ರದುರ್ಗದ ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿತು ಪಡೆದದ್ದು. ಮನೆಯ ಪಿಕಪ್‌ಗೆ ಬಾಡಿಗೆ ಡ್ರೈವರುಗಳು ಬಂದುಹೋಗುತ್ತಿದ್ದರು. ಅವರಲ್ಲೊಬ್ಬ ಒಮ್ಮೆ ಸಂತೆಗೆ ಹೋಗುವಾಗ ಏಕಾಏಕಿ ಬ್ರೇಕ್ ಒತ್ತಿ, ಹಿಂದಿದ್ದ ಗಬ್ಬದ ಕುರಿಯೊಂದರ ಕಾಲು ಮುರಿದ. ಬಿದಿರು ದಬ್ಬೆ ಕಟ್ಟಿ ಅದನ್ನು ಮತ್ತೆ ನಡೆಯುವಂತೆ ಮಾಡಿದವಳು ಇವಳೇ. ಕುರಿ ಎದ್ದ ದಿನ ಅಪ್ಪನ ಮುಂದೆ ನಿಂತು, "ಇನ್ಮ್ಯಾಲೆ ಗಾಡಿ ನಾನೇ ಹೊಡಿತೀನಿ" ಎಂದಳು.

ಭಾವ ಬೇಡ ಎನ್ನಲಿಲ್ಲ. ಹ್ಞೂಂ ಎನ್ನಲೂ ಇಲ್ಲ. "ಲೋಡ್ ತಗಂಡು ಗುಡ್ಡ ದಾಟಿಸಿ ಹಿರಿಯೂರು ಸಂತೆ ಮುಟ್ಟಿಸು. ನಾನು ಬಾಯಿ ಬಿಡದಂಗೆ ಮುಟ್ಟಿಸಿದ್ರೆ ಕೀ ನಿಂದೇ. ಇಲ್ದಿದ್ರೆ ಡ್ರೈವರ್ ಒಬ್ಬನ್ನ ನೋಡಿ ಇಟ್ಟಿದೀನಿ" ಎಂದ.

ಅವಳು ಆ ಸಂಜೆಯೇ ಹೊಸದುರ್ಗಕ್ಕೆ ನನಗೆ ಫೋನು ಮಾಡಿದಳು. ನಾನು ಸೈನ್ಯದಲ್ಲಿ ಬಹುಕಾಲ ಲಾರಿ ಓಡಿಸಿ, ಆಮೇಲೆ ಓಡಿಸುವುದನ್ನು ಕಲಿಸಿ ನಿವೃತ್ತನಾದವನು. ಇವತ್ತಿಗೂ ಭಾನುವಾರ ಕೂಡ ಗಡ್ಡ ಹೆರೆಯದೆ ಕಾಫಿ ಕುಡಿಯುವುದಿಲ್ಲ. ಮರುದಿನ ಮೊದಲ ಬಸ್ಸಿಗೆ ಹಟ್ಟಿ ಸೇರಿದೆ.

ಗಾಡಿಯನ್ನು ಭಾವ ಹೊಳಲ್ಕೆರೆಯ ಒಬ್ಬ ಗುತ್ತಿಗೆದಾರನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎಂಜಿನ್ ಗಟ್ಟಿ, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಜಾತಿ. ಬಾಗಿಲು ತೆಗೆದು ನೋಡಿದೆ. ದೊಡ್ಡ ಗೇರ್ ರಾಡಿನ ಪಕ್ಕದಲ್ಲಿರುವ ಚಿಕ್ಕ ರಾಡಿಗೆ ಭಾವನ ಊಟದ ಚೀಲ, ಒಂದು ಕುರಿಗಂಟೆ, ಬತ್ತಿದ ನಿಂಬೆಹಣ್ಣು ನೇತುಬಿದ್ದಿದ್ದವು.

"ಇದು ಯಾಕೆ ಇಲ್ಲಿ?" ಎಂದೆ.

"ಮತ್ತೆ ಚೀಲ ಎಲ್ಲಿಗೆ ಹಾಕಾಣ? ಕಂಪನಿಯೋರೇ ಕೊಟ್ಟಿರೋ ಗೂಟ ಅದು" ಎಂದ ಭಾವ.

"ಭಾವ, ಅದು ಗೂಟ ಅಲ್ಲ. ಅದು ಇನ್ನೊಂದು ಗೇರು."

"ಇರೋ ಗೇರೇ ಪೂರ್ತಿ ಖರ್ಚಾಗಿಲ್ಲ, ಇನ್ನೊಂದು ಯಾಕಪ್ಪ?"

ಚಿಕ್ಕ ರಾಡನ್ನು 'ಲೋ'ಗೆ ಹಾಕಿದರೆ ಎಂಜಿನ್ನಿನ ಶಕ್ತಿ ಇನ್ನೊಂದು ಜೊತೆ ಹಲ್ಲುಗಾಲಿಗಳನ್ನು ಹಾಯ್ದು ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಓಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ಇದನ್ನು ವಿವರಿಸಲು ಮೊದಲ ಬೆಳಗು ಪೂರ್ತಿ ಹೋಯಿತು. ಭಾವನಿಗೆ ಅರ್ಥವಾಗಲಿಲ್ಲ. ಮಗಳಿಗೆ ಮೊದಲ ವಾಕ್ಯಕ್ಕೇ ಆಯಿತು. "ಗುಡ್ಡ ಹತ್ತೋವಾಗ ಹಿಂಡನ್ನ ಓಡಿಸದೆ ಒಂದೊಂದೇ ಹೆಜ್ಜೆ ಇಡಿಸ್ತೀವಲ್ಲ, ಹಂಗೆ" ಎಂದಳು. ಇಷ್ಟು ವರ್ಷ ಕಲಿಸಿದ ನನಗೆ ಹೀಗೆ ಹೇಳಬಹುದೆಂದು ತೋಚಿರಲಿಲ್ಲ.

ನನ್ನ ಪಾಠಕ್ಕೆ ಕ್ರಮವಿದೆ. ಗಾಡಿಗೆ ಹತ್ತುವ ಮೊದಲು ಸುತ್ತ ಒಂದು ನಡಿಗೆ, ಟೈರು, ಆಯಿಲ್, ನೀರು, ನೆಲದ ಮೇಲೆ ಏನಾದರೂ ತೊಟ್ಟಿಕ್ಕಿದೆಯೇ. ಕೀ ಅರ್ಧ ತಿರುಗಿಸಿ, ಸುರುಳಿಯ ಗುರುತಿನ ಹಳದಿ ದೀಪ ಆರುವವರೆಗೆ ಕಾಯಬೇಕು. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಕಿಡಿ ಇಲ್ಲ, ಒಳಗಿನ ಗಾಳಿ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬೇಕು. ಅದನ್ನು ಕೂಗಿಸಿದರೆ ಹೊಗೆ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಅದರ ಬಲವೆಲ್ಲ ಕೆಳದನಿಯಲ್ಲಿದೆ. ಇಷ್ಟನ್ನೂ ನಾನು ದಿನಾ ಬೆಳಿಗ್ಗೆ ಅದೇ ಸಾಲಿನಲ್ಲಿ ಹೇಳಿಸುತ್ತಿದ್ದೆ. ಅವಳು ಒಪ್ಪಿಸುತ್ತ ಗಾಡಿ ಸುತ್ತುವಾಗ ಅಕ್ಕ ಕುರಿರೊಪ್ಪದಿಂದ, "ಪ್ರದಕ್ಷಿಣೆ ಆತೇನೋ? ಮಂಗಳಾರತಿ ತರ್ಲಾ?" ಎನ್ನುತ್ತಿದ್ದಳು.

ಗೇರು ನಯವಾಗಿ ಬದಲಾಗುವುದನ್ನು ಪರೀಕ್ಷಿಸಲು ಹಿಂದುಗಡೆ ನೀರು ತುಂಬಿದ ಕೊಡ ಇಡಿಸಿದೆ. ಮೂರನೆಯದರಿಂದ ಎರಡನೆಯದಕ್ಕೆ ಇಳಿಯುವಾಗ ತುಳುಕಬಾರದು.

"ನನ್ ಕೊಡ ನೆಗ್ಗಿತೋ, ನಿನ್ ತಲೆ ನೆಗ್ಗುತೈತೆ" ಎಂದಳು ಅಕ್ಕ.

ಮೊದಲ ದಿನಗಳಲ್ಲಿ ಕೊಡ ಖಾಲಿಯಾಗಿ ಬರುತ್ತಿತ್ತು. ಆಮೇಲೆ ಅರ್ಧ ಬಂತು. ಕಡೆಗೊಂದು ಬೆಳಿಗ್ಗೆ ಕಂಠದವರೆಗೆ ನೀರು ಹಾಗೇ ನಿಂತಿತು. ಅಕ್ಕ ಅದನ್ನೇ ಎತ್ತಿ ಕುರಿಗಳ ಬಾನಿಗೆ ಸುರಿದಳು.

ಹುಡುಗಿ ತಯಾರಾಗಿದ್ದಳು. ನಾನು ತಯಾರಿರಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಭಾವ ಊಟದ ತಟ್ಟೆ ಮುಂದೆ ಕೂತು, "ಹಿರೇರು ಅಂದ್ರೆ ಸೋದರಮಾವನೂ ಸೇರ್ದ. ನೀನೂ ಗಾಡಿಯಾಗೆ ಕುಂತ್ಕಬೇಕು. ನೀನೂ ಮಾತಾಡಂಗಿಲ್ಲ" ಎಂದ.

"ನಾನು ಬರುವುದೇ ಇಲ್ಲ" ಎಂದೆ.

"ಬರ್ದೆ ಹೋದ್ರೆ ನಾಳೆ ಊರ ತುಂಬ, ನಾನಿದ್ದಿದ್ರೆ ಪಾಸಾಗ್ತಿದ್ಲು ಅಂತ ಹೇಳ್ಕಂಡ್ ತಿರುಗ್ತೀಯ. ಬಾ."

ಸೋದರಸೊಸೆ ತಟ್ಟೆ ಎತ್ತುವಾಗ ನನ್ನ ಪಕ್ಕ ಬಗ್ಗಿ, "ಮಾವ, ನಂಗೆ ಗುಡ್ಡದ ಭಯ ಇಲ್ಲ. ನಿಮ್ ಬಾಯಿದೇ ಭಯ" ಎಂದಳು. ನಾನು ಮಾತಿಗೆ ತಕ್ಕವನು ಎಂದು ಎದೆ ತಟ್ಟಿಕೊಂಡೆ. ಆದರೆ ಗೇರ್ ರಾಡಿನ ಮೇಲೆ ಯಾರದಾದರೂ ಕೈ ಕಂಡರೆ ಸಾಕು, ಬಾಯಿ ತಾನಾಗಿ ಆದೇಶ ಕೊಡುವ ಅಭ್ಯಾಸ ನನಗೆ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಡ್ರೈವರಿಗೂ ಹೇಳಿಬಿಡುತ್ತೇನೆ.

ಬೆಳಿಗ್ಗೆ ಕುರಿಗಳನ್ನು ಹತ್ತಿಸಿಕೊಂಡು ಹಿಂದಿನ ಬಾಗಿಲು ಹಾಕಿದೆವು. ಅಕ್ಕ ಕಿಟಕಿಯ ಬಳಿ ಬಂದು ಎಲೆ, ಅಡಿಕೆ, ಸುಣ್ಣ ಸೇರಿಸಿ ಮಡಿಚಿದ ದೊಡ್ಡ ಪಟ್ಟಿ ನನ್ನ ಕೈಗಿಟ್ಟಳು. "ಬಾಯ್ತುಂಬ ಹಾಕ್ಕ. ಸಂತೆ ಬರೋಗಂಟ ಉಗಿಬ್ಯಾಡ, ನುಂಗ್ಬ್ಯಾಡ." ಹಾಕಿಕೊಂಡೆ. ಎರಡೂ ಕೆನ್ನೆ ಊದಿಕೊಂಡವು.

ಮುಂದೆ ಒಂದೇ ಉದ್ದ ಸೀಟು. ಸೊಸೆ ಸ್ಟೇರಿಂಗಿನಲ್ಲಿ, ನಾನು ಕಿಟಕಿಗೆ. ಭಾವ ನಡುವೆ, ಎರಡೂ ರಾಡುಗಳನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು ಕೂತ. ಒಂದನೇ ಗೇರು ಮುಂದಕ್ಕೆ, ಅದರಿಂದ ತೊಂದರೆ ಇಲ್ಲ. ಎರಡನೇ ಗೇರಿಗೆ ರಾಡು ಹಿಂದಕ್ಕೆ ಬರಬೇಕು. ಬಂತು. ಭಾವನ ಮೊಣಕಾಲಿನ ಒಳಮಗ್ಗುಲಿಗೆ ಸರಿಯಾಗಿ ಬಡಿಯಿತು. ಭಾವನ ಬಾಯಿ ತೆರೆಯಿತು, ಗಾಳಿ ಒಳಗೆ ಹೋಯಿತು, ಬಾಯಿ ಮುಚ್ಚಿತು. ಹಟ್ಟಿಯಿಂದ ಗುಡ್ಡದ ಬುಡದವರೆಗಿನದು ಹಳ್ಳದ ದಾರಿ, ಎರಡನೇ ಗೇರಿನ ದಾರಿ. ಮೂರಕ್ಕೆ ಹೋದದ್ದು ಮತ್ತೆ ಎರಡಕ್ಕೆ ಬರುತ್ತಿತ್ತು. ಪ್ರತಿ ಸಲವೂ ಭಾವ ಕಣ್ಣು ಮುಚ್ಚಿ ಯಾವುದೋ ದೇವರನ್ನು ನೆನೆಯುತ್ತಿದ್ದ. ಕಾಲು ಸರಿಸಲು ಜಾಗ ಇತ್ತು. ಸರಿಸಿದರೆ ಹೆದರಿದಂತಾಗುತ್ತದೆಂದು ಸರಿಸಲಿಲ್ಲ.

ಗುಡ್ಡದ ದಾರಿ ಕಲ್ಲುಮಣ್ಣಿನದು, ಒಂದು ಗಾಡಿಯ ಅಗಲ. ಅವಳು ಒಂದನೇ ಗೇರಿನಲ್ಲಿ ಎಂಜಿನ್ ಕೂಗಿಸದೆ ಹತ್ತಿಸುತ್ತಿದ್ದಳು. ನಡು ಏರಿನಲ್ಲಿ ಎದುರಿಗೆ ಬೈಕೊಂದು ಬಂತು. ಎರಡೂ ಕಡೆ ಮೇವಿನ ಹೊರೆ, ಅಂದರೆ ದಾರಿಯ ತುಂಬ ಬೈಕೇ. ಅವಳು ಗಾಡಿ ನಿಲ್ಲಿಸಿದಳು. ಬೈಕಿನವನು ಹಟ್ಟಿಯ ಪರಿಚಯಸ್ಥನೇ.

"ಏನವ್ವ, ನೀನೇ ಹೊಡಿತಿದೀಯ? ಏನಣ್ಣ, ಆರಾಮಾ?" ಎಂದು ಭಾವನನ್ನು ಕೇಳಿದ.

ಭಾವ ಮುಂದೆ ನೋಡುತ್ತ ಕೂತ. ಬೈಕಿನವನು ನನ್ನ ಕಡೆ ತಿರುಗಿದ. ನಾನು ಊದಿದ ಕೆನ್ನೆಯಲ್ಲಿ ತಲೆಯಾಡಿಸಿದೆ.

"ಓಹೋ, ಗಾಡಿ ಬಂದ್ಮ್ಯಾಲೆ ಮಾತೂ ಬ್ಯಾಡಾಯ್ತಾ ನಿಮಗೆ?"

"ಇಬ್ರಿಗೂ ಹಲ್ಲು ನೋವು ಅಣ್ಣ" ಎಂದಳು ಸೊಸೆ. "ನೀವು ಬಲಕ್ಕೆ ಒತ್ಕಂಡ್ ಇಳೀರಿ."

ಅವನು ಗೊಣಗುತ್ತ, ಮೇವು ಉದುರಿಸುತ್ತ ಪಕ್ಕದಲ್ಲಿ ಇಳಿದುಹೋದ. ಈಗ ತುಂಬಿದ ಗಾಡಿಯನ್ನು ನಡು ಏರಿನಿಂದ ಎಬ್ಬಿಸಬೇಕು. ಕುರಿಗಳೆಲ್ಲ ಹಿಂದಕ್ಕೆ ಜರುಗಿ ಭಾರ ಬಾಗಿಲಿಗೆ ಬಿದ್ದಿತ್ತು. ನಾನು ಅವಳ ಎಡಗೈ ನೋಡಿದೆ. ಅದು ಹ್ಯಾಂಡ್ ಬ್ರೇಕಿನ ಕಡೆ ಹೋಗಬೇಕಿತ್ತು. ಹೋಗಲಿಲ್ಲ. ಗಾಡಿ ಗೇಣಿನಷ್ಟು ಹಿಂದಕ್ಕೆ ಜಾರಿತು.

"ಹ್ಯಾಂಡ್ ಬ್ರೇಕ್!"

ಎಲೆ, ಅಡಿಕೆ, ಸುಣ್ಣ, ಅಲ್ಲಿಯವರೆಗೆ ತಡೆದಿದ್ದ ರಸ ಎಲ್ಲವೂ ಒಟ್ಟಿಗೆ ಮುಂದಿನ ಗಾಜಿಗೆ ಬಡಿದವು.

"ಬಾಯ್ ಮುಚ್ಚಲೇ ಬಾಮೈದ, ಹುಡುಗಿ ಗತಿ ಕೆಡಿಸ್ತೀಯ!" ಎಂದು ಭಾವ ಗುಡುಗಿದ.

ಆಮೇಲೆ ಕೆಳಗೆ ನೋಡಿದೆ. ಸೊಸೆಯ ಬಲಗಾಲು ಬ್ರೇಕನ್ನು ಗಟ್ಟಿಯಾಗಿ ಒತ್ತಿತ್ತು, ಎಡಗಾಲು ಕ್ಲಚ್ಚಿನ ಮೇಲಿತ್ತು. ಎಡಗೈ ಚಿಕ್ಕ ರಾಡನ್ನು ಹಿಡಿದಿತ್ತು. ಗಾಡಿ ಪೂರ್ತಿ ನಿಂತ ಮೇಲೆಯೇ 'ಲೋ'ಗೆ ಹಾಕಬೇಕೆಂದು ನಾನೇ ಕಲಿಸಿದ್ದೆ. ಅವಳು ಅದನ್ನೇ ಮಾಡುತ್ತಿದ್ದಳು. ಅವಳು ವೈಪರ್ ಹಾಕಿ ನೋಡಿದಳು. ಕೆಂಪು ಒಳಗಿತ್ತು, ವೈಪರ್ ಹೊರಗೆ ಸುಮ್ಮನೆ ಓಡಾಡಿತು.

ಭಾವ ತಲೆ ತಗ್ಗಿಸಿದ. "ಅವನೂ ಮಾತಾಡ್ದ, ನಾನೂ ಮಾತಾಡ್ದೆ. ಮುಗೀತು ಕಣವ್ವ. ಮುಂದಿನ ವರ್ಷ ನೋಡಾಣ."

ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ನನಗೆ ಗಾಜಿನ ಕಡೆಗಾಗಲಿ, ಹುಡುಗಿಯ ಕಡೆಗಾಗಲಿ ನೋಡಲು ಆಗಲಿಲ್ಲ. ಅವಳು ಹ್ಯಾಂಡ್ ಬ್ರೇಕ್ ಎಳೆದಳು.

"ಇಳೀರಿ" ಎಂದಳು.

"ಯಾಕೆ?"

"ಹಿಂಡು ಒಪ್ಪಿಸೋವಾಗ ಹಿರೇರು ಎಲ್ಲಿರ್ತಾರಪ್ಪ?"

"ಹಿಂದೆ."

"ಕುಂತ್ಕಂಡು ಬರ್ತಾರಾ?"

"ನಡ್ಕಂಡು..."

"ಮತ್ತೆ ನೀವಿಬ್ರೂ ನನ್ ಪಕ್ಕ ಯಾಕ್ ಕುಂತಿದೀರಿ? ಕಟ್ಟಳೆ ಮುರ್ದೋರು ನೀವು. ಪರೀಕ್ಷೆ ಇನ್ನೂ ಶುರುನೇ ಆಗಿಲ್ಲ. ಇಳೀರಿ, ಹಿಂದೆ ನಡೀರಿ."

ಭಾವ ನನ್ನ ಮುಖ ನೋಡಿದ. ಕಟ್ಟಳೆಯ ಮಾತು ಬಂದರೆ ಅವನು ವಾದ ಮಾಡುವವನಲ್ಲ. ಇಳಿದೆವು. ಅವಳು ನನ್ನ ಹೆಗಲ ಟವೆಲ್ ಕೇಳಿ ಇಸಿದುಕೊಂಡು, ಗಾಜು ಒರೆಸಿ, ಟವೆಲ್ ವಾಪಸ್ ಕೊಟ್ಟಳು. ಅದು ಮತ್ತೆ ಹೆಗಲಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಚಿಕ್ಕ ರಾಡು 'ಲೋ'ಗೆ ಬಿದ್ದ ಸದ್ದು ಕೇಳಿತು. ಗಾಡಿ ಗೇಣೂ ಜಾರದೆ ಎದ್ದಿತು. ಒಂದು ಕಲ್ಲೂ ಚಿಮ್ಮಲಿಲ್ಲ, ಕರಿಹೊಗೆಯೂ ಬರಲಿಲ್ಲ. ನಾವು ಹಿಂದೆ ನಡೆದೆವು. ಹಿಂದಿನ ಬಾಗಿಲ ಮೇಲಿಂದ ಕುರಿಗಳು ಕತ್ತು ಚಾಚಿ ನಮ್ಮನ್ನು ನೋಡುತ್ತಿದ್ದವು. ಭಾವ ಇಷ್ಟು ವರ್ಷ ಅವುಗಳ ಹಿಂದೆ ನಡೆದಿದ್ದಾನೆ, ಆದರೆ ಅವು ಹೀಗೆ ಮೇಲೆ ಕೂತು ಅವನನ್ನು ನೋಡಿದ್ದು ಮೊದಲ ಸಲವಿರಬೇಕು. ಈಗ ಪರೀಕ್ಷೆ ನಡೆಯುತ್ತಿದ್ದುದರಿಂದ ಇಬ್ಬರೂ ಮಾತಾಡಲಿಲ್ಲ.

ನೆತ್ತಿಗೆ ಬಂದು ನೋಡಿದರೆ ಗಾಡಿ ಆಚೆ ಇಳಿಜಾರಿನಲ್ಲಿ ಅರ್ಧ ಇಳಿದಿತ್ತು. ಹಿಂದಿನ ಬ್ರೇಕ್ ದೀಪ ಹೊತ್ತಿರಲಿಲ್ಲ. ಬ್ರೇಕ್ ತುಳಿಯದೆ, ಗೇರಿನ ಬಿಗಿಯಲ್ಲೇ ಗಾಡಿ ಹಿಡಿದು ಇಳಿಸುತ್ತಿದ್ದಳು. ಆ ಖುಷಿ ಹೇಗೆ ತಡೆದುಕೊಳ್ಳಲಿ? ಭಾವನ ತೋಳು ತಿವಿದು, ದೀಪದ ಕಡೆ ಬೆರಳು ತೋರಿಸಿ, ಕೈಯಲ್ಲೇ ಗೇರು, ಚಕ್ರ, ಎಂಜಿನ್ ಎಲ್ಲ ತಿರುಗಿಸಿ ತೋರಿಸಿದೆ. ಭಾವ ನನಗೆ ಬಿಸಿಲು ಹತ್ತಿದೆ ಎಂದುಕೊಂಡು ತನ್ನ ನೀರಿನ ಬಾಟಲಿ ಕೊಟ್ಟ.

ಡಾಂಬರು ರಸ್ತೆ ಸೇರುವ ಹೊತ್ತಿಗೆ ಗಾಡಿಯ ಸುಳಿವಿಲ್ಲ. ಒಂದು ಲಗೇಜ್ ಆಟೋ ನಿಂತಿತು.

"ಎಲ್ಲಿಗೆ ಯಜಮಾನ್ರೇ?"

ಭಾವ ಹಿರಿಯೂರಿನ ದಿಕ್ಕಿಗೆ ಕೈ ತೋರಿಸಿದ. ಎರಡು ಕೈಗಳನ್ನು ಕಿವಿಯ ಪಕ್ಕ ಕೊಂಬಿನಂತೆ ಬಾಗಿಸಿದ. ಆಟೋದವನು ನನ್ನನ್ನು ಕೇಳಿದ. ನಾನೂ ಕೊಂಬು ಮಾಡಿ ತೋರಿಸಿದೆ. ಅವನು ಮರುಗಿ, ಬಾಡಿಗೆ ಮಾತಾಡದೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಫೋನಿನಲ್ಲಿ ಯಾರಿಗೋ, "ಪಾಪ, ಇಬ್ರೂ ಮೂಗ್ರು, ಅಣ್ತಮ್ಮ ಇರ್ಬೇಕು" ಎಂದು ಹೇಳುತ್ತಿದ್ದ.

ಸಂತೆಯ ಬೇಲಿಯ ಬಳಿ ಪಿಕಪ್ ನೆರಳಿಗೆ ನಿಂತಿತ್ತು. ಎಂಜಿನ್ ಇನ್ನೂ ಸಣ್ಣಗೆ ಓಡುತ್ತಿತ್ತು. ಬಿಸಿ ಇಳಿಯುವವರೆಗೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಫ್ ಮಾಡಬೇಕೆಂಬುದು ಅವಳಿಗೆ ನೆನಪಿತ್ತು. ಕುರಿಗಳನ್ನು ಇಳಿಸಿ ಗೂಟಕ್ಕೆ ಕಟ್ಟಿ ಆಗಿತ್ತು. ಭಾವ ಯಾರನ್ನೂ ನೋಡದೆ ಒಂದೊಂದೇ ಕುರಿಯ ನಾಲ್ಕೂ ಕಾಲು ಮುಟ್ಟಿ, ಎತ್ತಿ, ಬಗ್ಗಿಸಿ ನೋಡಿದ. ಯಾವುದೂ ಕುಂಟಲಿಲ್ಲ, ಎಲ್ಲೂ ತರಚಿರಲಿಲ್ಲ. ಸೊಸೆ ಗಾಡಿಗೆ ಒರಗಿ ನಿಂತು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿತ್ತು.

ಅಷ್ಟರಲ್ಲಿ ಭಾವ ನೋಡಿಟ್ಟಿದ್ದ ಡ್ರೈವರ್ ಹುಡುಕಿಕೊಂಡು ಬಂದ. "ಏನಣ್ಣ, ನಾಳೆಯಿಂದ್ಲೇ ಬರ್ಲಾ?"

ಭಾವ ಕಡೆಯ ಕುರಿಯ ಕಾಲು ಕೆಳಗಿಟ್ಟು ಎದ್ದು, ಮೊಣಕಾಲು ಉಜ್ಜಿಕೊಂಡ. "ಬ್ಯಾಡ ಬಿಡಪ್ಪ. ಡ್ರೈವರ್ ಸಿಕ್ಕೈತೆ."

"ಯಾವೂರೋನು?"

"ನಮ್ಮನೇದೇ."

ಮಗಳು ಆಚೆ ಮುಖ ತಿರುಗಿಸಿ ಗಾಡಿಯ ಟೈರನ್ನು ನೋಡಲಾರಂಭಿಸಿದಳು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಬಹಳ ಹೊತ್ತು ನೋಡಿದಳು. ಭಾವ ಮೆಲ್ಲಗೆ ಕೇಳಿದ, "ಸಂತೆ ಮುಗುದ್ಮ್ಯಾಲೆ ನಮ್ಮನ್ನ ಹತ್ತಿಸ್ಕಂತೀಯೇನವ್ವ, ನಡ್ಕಂಡೇ ಬರಾಣಾ?"

"ನೋಡಾಣ" ಎಂದಳು. "ಹಿಂಡಿ ಮೂಟೆ ಹಾಕ್ಬೇಕು. ಜಾಗ ಉಳುದ್ರೆ ಹತ್ರಿ."

ಮೂಟೆಗಳನ್ನು ಒತ್ತೊತ್ತಾಗಿ ಅಡ್ಡ ಜೋಡಿಸಿದರೆ ಬಾಗಿಲ ಬಳಿ ಇಬ್ಬರು ಕೂರುವಷ್ಟು ಜಾಗ ಉಳಿಯುತ್ತದೆ. ಮೂಟೆ ನಾವೇ ಜೋಡಿಸೋಣವೆಂದು ನಾನೂ ಭಾವನೂ ಹಿಂಡಿ ಅಂಗಡಿಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದೆವು.