ಸಂಕಕ್ಕೆ ಹಾಕದ ಮುಳ್ಳು

ಸಂಕದ ಬಾಯಿಗೆ ನಾನು ಮುಳ್ಳು ಹಾಕಿರಲಿಲ್ಲ. ಹಾಕಿದ್ದೆ ಎಂದು ಊರಿನವರೆದುರು ಸುಳ್ಳು ಹೇಳಿದೆ. ಆ ಸುಳ್ಳನ್ನು ಗೌರಕ್ಕ ಎಂಬ ಹೆಂಗಸು ಇವತ್ತಿನವರೆಗೂ ಹೊತ್ತುಕೊಂಡು ಬದುಕುತ್ತಿದ್ದಾಳೆ. ಬರೆಯಲು ಕೂತವನು ಮತ್ತೆ ಮತ್ತೆ ಏಳುತ್ತಿದ್ದೇನೆ — ವಯಸ್ಸಿನಿಂದ ಎಂದುಕೊಳ್ಳಬಹುದಿತ್ತು, ಆದರೆ ಅಲ್ಲ. ಹೆದರಿಕೆ.

ಎಪ್ಪತ್ತರ ದಶಕ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ನಾನೊಬ್ಬನೇ ಮೇಷ್ಟ್ರು, ಇನ್ನೂ ಮದುವೆಯಾಗದ ಹುಡುಗ. ಶಾಲೆ ಹಳ್ಳದ ಈ ಕಡೆ, ಅರ್ಧ ಮಕ್ಕಳ ಮನೆ ಆ ಕಡೆ. ನಡುವೆ ದಿಮ್ಮಿ ಜೋಡಿಸಿ ಕಟ್ಟಿದ ಕಾಲುಸೇತುವೆ, ಅದೇ ಸಂಕ. ಮಳೆಗಾಲದಲ್ಲಿ ಮಕ್ಕಳ ಕೈಹಿಡಿದು ದಾಟಿಸುತ್ತಿದ್ದವಳು ಗೌರಕ್ಕ. ಯಾರೂ ನೇಮಿಸಿದ ಕೆಲಸವಲ್ಲ ಅದು. ತಾಯಂದಿರು ನಂಬಿ ಅವಳ ಜೊತೆ ಕಳಿಸುತ್ತಿದ್ದರು, ಅವಳಿಗೂ ಅದೊಂದು ಹೆಮ್ಮೆ. ಸಂಕ ಸಡಿಲವಾದರೆ ಎರಡೂ ತುದಿಗೆ ಹಸಿ ಮುಳ್ಳಿನ ಕೊಂಬೆ ಅಡ್ಡ ಇಡುವುದು ನಮ್ಮಲ್ಲಿಯ ವಾಡಿಕೆ. ಮುಳ್ಳು ಕಂಡರೆ ಯಾರೂ ಕಾಲಿಡುವುದಿಲ್ಲ. ಇಟ್ಟ ಮುಳ್ಳನ್ನು ತೆಗೆದವರನ್ನು ಊರು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಅವತ್ತು ಗೌರಕ್ಕ ಮಕ್ಕಳನ್ನು ಶಾಲೆಗೆ ಬಿಟ್ಟು ಸಾಮಾನು ತರಲು ಈ ಕಡೆಯೇ ಇದ್ದ ಅಂಗಡಿಗೆ ಹೋಗಿದ್ದಳು. ಸಂಕದ ಉಸ್ತುವಾರಿ ನೋಡುತ್ತಿದ್ದ ಮಂಜಪ್ಪಣ್ಣ ಏದುಸಿರು ಬಿಡುತ್ತ ಶಾಲೆಗೆ ಬಂದ. ಸಂಕಕ್ಕೆ ಆಧಾರ ಕೊಟ್ಟ ಕಂಬ ಅಲುಗುತ್ತಿದೆ, ತಾನು ಮೇಲಿನ ದಾರಿಯಲ್ಲಿ ಸುತ್ತಿ ಹೋಗಿ ಆ ಕಡೆ ಮುಳ್ಳು ಹಾಕುತ್ತೇನೆ, ಈ ಕಡೆಯದ್ದು ನೀವು ಹಾಕಿ ಎಂದ. ಹೂಂ ಅಂದೆ. ಕತ್ತಿ ಹಿಡಿದು ಹೊರಟೆ ಕೂಡ. ಅಂಗಳದಲ್ಲಿ ಶಾಲೆಯ ಗಂಟೆಯ ಹಗ್ಗ ಬಿಚ್ಚಿ ನೇತಾಡುತ್ತಿತ್ತು. ಕತ್ತಿಯನ್ನು ಕಟ್ಟೆಯ ಮೇಲಿಟ್ಟು ಹಗ್ಗ ಕಟ್ಟಿದೆ. ಕಟ್ಟುವಾಗ ಒಳಗಿನಿಂದ ಮಗ್ಗಿ ತಪ್ಪಾಗಿ ಹೇಳುವುದು ಕೇಳಿಸಿತು, ತಿದ್ದಲು ಹೋದೆ. ತಿದ್ದುತ್ತ ಇನ್ನೇನೋ ಕಥೆ ಶುರುವಾಯಿತು — ಒಳ್ಳೆಯ ಕಥೆ, ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಗಲೇ ಆ ಕೂಗು ಕೇಳಿದ್ದು.

ಅಂಗಡಿಯಿಂದ ಮನೆಗೆ ಹೊರಟು ಸಂಕ ಹತ್ತಿದ್ದ ಗೌರಕ್ಕ, ಕಂಬ ಜಾರಿ ಹಳ್ಳಕ್ಕೆ ಬಿದ್ದಿದ್ದಳು. ಬೇರು ಹಿಡಿದು ಉಳಿದುಕೊಂಡಳು, ಕಾಲು ಮುರಿದಿತ್ತು. ನಾನು ಬೆಚ್ಚಿದ್ದು ಅವಳನ್ನು ಕಂಡು ಮಾತ್ರವಲ್ಲ. ಅವಳು ಬೀಳದಿದ್ದರೆ ಸಂಜೆ ಎಲ್ಲ ಮರೆತು ಅದೇ ಸಂಕದ ಮೇಲೆ ಮಕ್ಕಳನ್ನು ನಾನೇ ಕಳಿಸುತ್ತಿದ್ದೆ. ಖಂಡಿತ ಕಳಿಸುತ್ತಿದ್ದೆ.

ಜನ ಸೇರಿದರು. ಮಂಜಪ್ಪಣ್ಣ ನನ್ನ ಕಡೆ ತಿರುಗಿ ಕೇಳಿದ, "ಮುಳ್ಳು ಹಾಕಿರ್ಲಿಲ್ವಾ ಮೇಷ್ಟ್ರೇ?"

"ಹಾಕಿದ್ದೆ."

ಅಷ್ಟೇ. ಉಳಿದದ್ದನ್ನು ಊರೇ ಹೇಳಿಕೊಂಡಿತು — ಸುತ್ತಿ ಹೋಗಲು ಸೋಮಾರಿತನ, ಮುಳ್ಳು ಕಿತ್ತು ನೀರಿಗೆ ಎಸೆದಿದ್ದಾಳೆ ಎಂದು. ನೋವಿನಲ್ಲೂ ಅವಳು "ಮುಳ್ಳು ಇರ್ಲಿಲ್ಲ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಲು ಕೂಡಿ ಅವಳು ಕುಂಟುತ್ತ ಎದ್ದ ಮೇಲೂ ಒಬ್ಬ ತಾಯಿಯೂ ಮಕ್ಕಳನ್ನು ಅವಳ ಕೈಗೆ ಕೊಡಲಿಲ್ಲ.

ನನ್ನ ತಲೆಯೇ ಹಾಗೆ, ಚಿಕ್ಕಂದಿನಿಂದ. ಹಿಡಿದದ್ದು ನಿಲ್ಲುವುದಿಲ್ಲ, ನಡುವೆ ಕಂಡದ್ದೆಲ್ಲ ಎಳೆದುಕೊಂಡು ಹೋಗುತ್ತದೆ. ಉಡಾಫೆ ಅಂದರು, ಅಂಡಲೆಯುವ ಬುದ್ಧಿ ಅಂದರು. ಇದಕ್ಕೆ ಎಡಿಎಚ್‌ಡಿ ಎಂಬ ಹೆಸರಿದೆ, ದೊಡ್ಡವರಾದರೂ ಬಿಡದೆ ಇರಬಹುದು ಎಂದು ನಿವೃತ್ತಿಯಾದ ಮೇಲೆ ವೈದ್ಯರೊಬ್ಬರು ಹೇಳಿದರು. ಹೆಸರು ಗೊತ್ತಾಗುವ ಎಷ್ಟೋ ಮೊದಲು ನನ್ನನ್ನು ಅರ್ಥಮಾಡಿಕೊಂಡವಳು ಹೆಂಡತಿ ಶಾರದೆ.

ತೀರ್ಥಹಳ್ಳಿಗೆ ವರ್ಗವಾಗಿ, ಮದುವೆಯಾಗಿ ಸಂಸಾರ ಹೂಡಿದಾಗ ಹಾಲು ಒಲೆಯ ಮೇಲೆ ಸೀದುಹೋಗುತ್ತಿತ್ತು, ಕೊಡೆಗಳು ಬಸ್ಸಿನಲ್ಲೇ ಊರೂರು ತಿರುಗುತ್ತಿದ್ದವು. ಅವಳು ಬೈಯಲಿಲ್ಲ, ಗಮನಿಸಿದಳು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವಳು. ಆ ಕೆಲಸದ ವಸ್ತುವನ್ನು ಮುಗಿಯುವವರೆಗೂ ಕೈಯಿಂದ ಕೆಳಗಿಡಬಾರದು ಎಂದು ನೇಮ ಮಾಡಿದಳು. ನಾನು ಪರೀಕ್ಷೆಯ ಪೇಪರು ತಿದ್ದುವಾಗ ಎದುರಿಗೆ ಅಕ್ಕಿ ಆರಿಸುತ್ತ ಕೂರುವಳು. ಅವಳು ಕೂತಿದ್ದರೆ ನಾನೂ ಕೂತಿರುತ್ತಿದ್ದೆ. ಹೆಡ್‌ಮಾಸ್ಟರಿಗೂ ನಾಚಿಕೆ ಬಿಟ್ಟು ಹೇಳಿಕೊಂಡೆ — ದಾರಿಯಲ್ಲಿ ಹೋಗುತ್ತ ಕೆಲಸ ಹೇಳಬೇಡಿ ಸಾರ್, ನಿಲ್ಲಿಸಿ ಹೇಳಿ, ನನ್ನ ಬಾಯಲ್ಲಿ ತಿರುಗಿ ಹೇಳಿಸಿ. ಆ ಪುಣ್ಯಾತ್ಮರು ಹಾಗೇ ಮಾಡಿದರು. ಬರಬರುತ್ತ ಅಚ್ಚುಕಟ್ಟಿನ ಮೇಷ್ಟ್ರು ಎಂಬ ಹೆಸರೂ ಬಂತು. ಚೆನ್ನಾಗಿ ಬದುಕಿದೆ, ಸುಳ್ಳಲ್ಲ. ಆದರೆ ಯಾರಾದರೂ ಹೊಗಳಿದರೆ ಮಾತು ಬೇರೆಡೆಗೆ ತಿರುಗಿಸುತ್ತಿದ್ದೆ. ಇವರಿಗೆ ಗೊತ್ತಾದರೆ... ಶಾರದೆಗೆ ಗೊತ್ತಾದರೆ...

ಎಂಬತ್ತರ ದಶಕದ ಕೊನೆಗೆ ಧೈರ್ಯ ಮಾಡಿ, ರಿಪ್ಪನ್‌ಪೇಟೆಯಲ್ಲಿ ಬಸ್ ಬದಲಿಸಿ ಗೌರಕ್ಕನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಂಗೆ ಹೇಳಿ ಎಂತ ಮಾಡ್ತೀರಿ ಮೇಷ್ಟ್ರೇ, ನಂಗೆ ಅವತ್ತೇ ಗೊತ್ತಿತ್ತಲ್ಲ. ಊರವ್ರಿಗೆ ಹೇಳಿ."

ಹೇಳುತ್ತೇನೆಂದು ಎದ್ದೆ. ಶಾಲೆಯ ಜಗಲಿಯಲ್ಲಿ ನಾಲ್ಕಾರು ಜನ ಕೂತಿದ್ದರು, ಮಂಜಪ್ಪಣ್ಣನೂ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಯಾರೋ ಕಾಫಿ ತರಿಸಿದರು. ಕುಡಿದೆ. ಮಳೆ ಬೆಳೆಯ ಮಾತಾಡಿದೆ. ಗಂಟಲವರೆಗೆ ಬಂದದ್ದು — ಇಲ್ಲ, ಬರಲೇ ಇಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ. ಅದು ಮರೆವಲ್ಲ. ಮುಳ್ಳು ಹಾಕದಿದ್ದುದು ನನ್ನ ತಲೆಯ ಕೆಲಸ, ಆಮೇಲಿನದೆಲ್ಲ ನನ್ನದು.

ಶಾರದೆಗೆ ಹೇಳಿದ್ದು ನಿನ್ನೆ. ಗೌರಕ್ಕ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂದಿತ್ತು. ಶಾರದೆ ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟಳು. ನೀನೂ ಬಾ, ಪಕ್ಕದಲ್ಲಿ ನಿಂತಿರು ಸಾಕು ಎಂದು ಕೇಳಿಕೊಂಡೆ.

"ನಿಮ್ಮ ಮರೆವಿಗೆ ನಾನಿದ್ದೆ," ಎಂದಳು. "ಇದಕ್ಕೆ ನೀವೊಬ್ರೇ ಹೋಗಿ."

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಹೆದರಿಕೆ ಕಡಿಮೆಯಾಗಿಲ್ಲ. ಮೊದಲು ಜಗಲಿಗೆ ಹೋಗಬೇಕು, ಆಮೇಲೆ ಅವಳ ಮನೆಗೆ. ಯಾರಾದರೂ ಕಾಫಿ ತರಿಸುವ ಮೊದಲೇ ಹೇಳಿಬಿಡಬೇಕು.