ವೆಂಕಟೇಶಪ್ಪನ ಕಂಪ್ಯೂಟರು, ಕನಕಮ್ಮನ ಮನಃಶಾಸ್ತ್ರ

ಬಂಗಾರಪೇಟೆಯ ಸಹಕಾರ ಸಂಘದ ಗುಮಾಸ್ತ ವೆಂಕಟೇಶಪ್ಪನಿಗೆ ನಲವತ್ತು ಹತ್ತಿರವಾದಾಗ ಡಿಗ್ರಿ ಮಾಡುವ ಹುಕಿ ಬಂತು. ಇಸವಿ ತೊಂಬತ್ತಮೂರೋ ತೊಂಬತ್ತನಾಲ್ಕೋ ಇರಬೇಕು. ಇನ್ನು ಮುಂದೆ ಎಲ್ಲ ಕಡೆಯೂ ಕಂಪ್ಯೂಟರೇ ಎಂದು ಆಡಿಟರು ಹೇಳಿ ಹೋಗಿದ್ದರು. ಅಂಚೆ ಮೂಲಕ ಓದಿಸುವ ಕಾಲೇಜೊಂದಕ್ಕೆ ಸೇರಿಕೊಂಡ. ಕಂಪ್ಯೂಟರಿನ ಜೊತೆಗೆ ಇನ್ನೊಂದು ವಿಷಯ ತೆಗೆದುಕೊಳ್ಳಲೇಬೇಕಿತ್ತು. ಚರಿತ್ರೆಯ ಇಸವಿಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಉಳಿದದ್ದು ಮನಃಶಾಸ್ತ್ರ. ಮನುಷ್ಯರ ಮನಸ್ಸು ತಾನೇ, ದಿನಾ ನೋಡುತ್ತಲೇ ಇದ್ದೇನಲ್ಲ ಎಂದುಕೊಂಡು ಅದನ್ನೇ ಆರಿಸಿಕೊಂಡ.

ಪುಸ್ತಕಗಳು ಬಂದವು, ಕಂಪ್ಯೂಟರು ಬರಲಿಲ್ಲ. ಅದನ್ನು ನೋಡಬೇಕಾದರೆ ತಿಂಗಳಿಗೊಂದು ಭಾನುವಾರ ಬೆಂಗಳೂರಿನ ಸಂಪರ್ಕ ತರಗತಿಗೇ ಹೋಗಬೇಕು. ಅಲ್ಲಿಯವರೆಗೆ ವೆಂಕಟೇಶಪ್ಪ ಪುಸ್ತಕದಲ್ಲಿದ್ದ ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಿಂದಕ್ಕೆ ಹೋಗು’ ಎಂಬ ಪ್ರೋಗ್ರಾಂಗಳನ್ನು ಮನೆಯವರ ಮೇಲೇ ನಡೆಸತೊಡಗಿದ.

“ಕನಕಾ, ಮುದ್ದೆ ಆಯ್ತಾ? ಆಗಿದ್ರೆ ತಟ್ಟೆ ಇಡು. ಆಗಿಲ್ದಿದ್ರೆ ಇಂದಕ್ಕೋಗು.”

“ಇಂದಕ್ಕೆ ಎಲ್ಲಿಗೋಗ್ಲಿ, ನಮ್ಮಪ್ಪನ ಮನೆಗಾ?” ಎಂದು ಹೆಂಡತಿ ಕನಕಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

ಮನಃಶಾಸ್ತ್ರದ ತಾಪತ್ರಯವೇ ಬೇರೆ. ಪ್ರತಿ ಪಾಠಕ್ಕೂ ಬದುಕಿನಿಂದ ಒಂದು ಉದಾಹರಣೆ ಕೊಡಿ ಎಂದು ಬೆಂಗಳೂರಿನ ಮೇಡಂ ಕೇಳುತ್ತಿದ್ದರು. ‘ನಮ್ಮೂರಿನ ಒಬ್ಬ ಹೆಂಗಸು’ ಎಂದು ಶುರುಮಾಡಿದರೆ ವೆಂಕಟೇಶಪ್ಪನಿಗೆ ಉದಾಹರಣೆಗೆ ಬರವಿರಲಿಲ್ಲ. ಆ ಹೆಂಗಸು ಬೆಲ್ಲದ ಡಬ್ಬಿಯನ್ನು ದಿನಕ್ಕೊಂದು ಕಡೆ ಬಚ್ಚಿಡುತ್ತಾಳೆ. ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ವಾಪಸು ಬಂದು ಜಗ್ಗಿ ನೋಡುತ್ತಾಳೆ. ಪಕ್ಕದ ಮನೆಯ ಹಸು ತನ್ನ ಹಸುವಿಗಿಂತ ಹೆಚ್ಚು ಹಾಲು ಕರೆದ ದಿನ ಅವಳ ಸಾರಿಗೆ ಉಪ್ಪು ಜಾಸ್ತಿ ಬೀಳುತ್ತದೆ. ತರಗತಿಯೆಲ್ಲ ಆಕೆಯ ಸುದ್ದಿಗೆ ಕಾಯುವಂತಾಯಿತು. ಪಕ್ಕದ ಚಿನ್ನದ ಗಣಿಯ ಊರು ಕೋರಮಂಡಲ್‌ನಿಂದ ಬರುತ್ತಿದ್ದ ಸಹಪಾಠಿ ಕುಪ್ಪುಸ್ವಾಮಿಯಂತೂ ರೈಲಿನಲ್ಲೇ ವಿಚಾರಿಸುತ್ತಿದ್ದ: “ಅಣ್ಣಾ, ಈ ಮಾಸ ಬೆಲ್ಲ ಎಲ್ಲೈತೆ?”

ಒಂದು ಭಾನುವಾರ ಕನಕಮ್ಮ ತಾನೂ ಬರುತ್ತೇನೆಂದು ಹೊರಟಳು. ತರಗತಿ ಮುಗಿದ ಮೇಲೆ ಲಾಲ್‌ಬಾಗ್ ತೋರಿಸಬೇಕೆಂದು ಕರಾರು. ಬೇಡವೆನ್ನಲು ವೆಂಕಟೇಶಪ್ಪನಿಗೆ ನೆಪ ಹೊಳೆಯಲಿಲ್ಲ. ರೈಲಿನಲ್ಲಿ ಕುಪ್ಪುಸ್ವಾಮಿಯನ್ನು ಕಣ್ಣಲ್ಲೇ ಬೇಡಿಕೊಂಡು ಸುಮ್ಮನಿರಿಸಿದ. ಹೆಂಡತಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ತಾನು ಮುಂದೆ ಬೆವರುತ್ತ ಕೂತ. ಆದರೆ ಮೇಡಂ ಬಾಯಿ ಕಟ್ಟುವವರು ಯಾರು?

“ವೆಂಕಟೇಶಪ್ಪನವರೇ, ನಿಮ್ಮೂರಿನ ಬೆಲ್ಲದ ಹೆಂಗಸು ಹೇಗಿದ್ದಾರೆ?” ಎಂದು ಅವರು ಬಂದೊಡನೆ ಕೇಳಿದರು.

ಉತ್ತರ ಹಿಂದಿನ ಬೆಂಚಿನಿಂದ ಬಂತು.

“ಚೆನ್ನಾಗವ್ಳೆ ಮೇಡಂ. ಇಲ್ಲೇ ಕುಂತವ್ಳೆ.” ಕನಕಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಬಚ್ಚಿಡೋದು ಯೋಳವ್ರೆ. ಡಬ್ಬಿಗೆ ಕೈ ಆಕೋರು ಯಾರು ಅಂತ ಯೋಳವ್ರಾ? ಇವ್ರಿಗೆ ಸಕ್ರೆ ಕಾಯ್ಲೆ. ಬೆಲ್ಲ ಮುಟ್ಟಂಗಿಲ್ಲ ಅಂತ ಡಾಕ್ಟ್ರು ಯೋಳಿದ್ರೂ ಕೇಳಲ್ಲ.”

ತರಗತಿ ಗೊಳ್ಳೆಂದಿತು. ಮೇಡಂ ನಗು ತಡೆದುಕೊಂಡು, “ಹಾಗಾದರೆ ನಾವು ಪರೀಕ್ಷೆ ಮಾಡಬೇಕಾಗಿದ್ದ ಮನಸ್ಸು ಬೇರೆಯವರದು” ಎಂದರು. ವೆಂಕಟೇಶಪ್ಪ ಕಿವಿ ಕೆಂಪಗೆ ಮಾಡಿಕೊಂಡು ಮೇಜನ್ನೇ ನೋಡುತ್ತಿದ್ದ.

ಲಾಲ್‌ಬಾಗಿನಲ್ಲಿ ವೆಂಕಟೇಶಪ್ಪ ಒಂದು ಪೊಟ್ಟಣ ಕಡಲೆಕಾಯಿ ಕೊಂಡ. ಕನಕಮ್ಮ ಒಂದು ಕಾಯಿ ಸುಲಿಯುತ್ತ, “ಬೀಗ ಜಗ್ಗೋದೂ ಯೋಳಿದ್ರಾ?” ಎಂದಳು.

“ಯೋಳ್ದೆ.”

“ನಕ್ರಾ?”

“ನಕ್ರು.”

ಅವಳಿಗೂ ನಗು ಬಂದುಬಿಟ್ಟಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವಳನ್ನು ಗಮನವಿಟ್ಟು ನೋಡಿದ್ದು ಪರೀಕ್ಷೆಗೋಸ್ಕರವಲ್ಲವೇ ಎನಿಸಿ ವೆಂಕಟೇಶಪ್ಪನಿಗೆ ನಾಚಿಕೆಯಾಯಿತು. ಕಡಲೆಕಾಯಿ ಪೊಟ್ಟಣವನ್ನು ಪೂರ್ತಿ ಅವಳ ಕೈಗೇ ಕೊಟ್ಟ.

ಫಲಿತಾಂಶ ಬಂದಾಗ ಕಂಪ್ಯೂಟರಿನಲ್ಲಿ ಪಾಸು, ಮನಃಶಾಸ್ತ್ರದಲ್ಲಿ ಫೇಲು.

“ಆ ಮಿಷನ್ನು ತಿರುಗಿ ಮಾತಾಡಲ್ಲ ನೋಡಿ, ಅದಕ್ಕೇ ಪಾಸಾದ್ರಿ” ಎಂದಳು ಕನಕಮ್ಮ. ಆದರೆ ಮಾರನೆಯ ವರ್ಷ ಹಾಲು ಕರೆಯುವಾಗ ಅವನನ್ನು ಕೊಟ್ಟಿಗೆಯ ಬಾಗಿಲಲ್ಲಿ ಕೂರಿಸಿ ಪಾಠ ಓದಿಸಿದಳು. ಅರ್ಥವಾಗದ ಕಡೆ ನಿಲ್ಲಿಸಿ ಜಗಳವಾಡಿದಳು. ಆ ಸಲ ಪಾಸಾದ.

ಸಂಘಕ್ಕೆ ಕಂಪ್ಯೂಟರು ಬಂದದ್ದು ಇನ್ನೆರಡು ವರ್ಷದ ಮೇಲೆ. ಬೆಂಗಳೂರಿನ ಲ್ಯಾಬಿನಲ್ಲಿ ಕಲಿತಂತೆ ವೆಂಕಟೇಶಪ್ಪ ಧೂಳು ತಾಗದಿರಲೆಂದು ಚಪ್ಪಲಿ ಹೊರಗೆ ಬಿಟ್ಟು ಅದರ ಮುಂದೆ ಕೂತ. ಗೊಬ್ಬರಕ್ಕೆ ಬಂದ ರೈತರು ಅವನ ಚಪ್ಪಲಿ ನೋಡಿ, ಗುಡಿಗೆ ಬಂದವರ ಹಾಗೆ, ತಮ್ಮ ಚಪ್ಪಲಿಗಳನ್ನೂ ಅಲ್ಲೇ ಸಾಲಾಗಿ ಬಿಟ್ಟು ಒಳಗೆ ಬಂದರು.