ಅತ್ತಿಗೆಯ ಸಾಕ್ಷಿ

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸ್ಕ್ರೂ ಎಂದು. ಎಂಟನೆಯ ವಯಸ್ಸಿನಲ್ಲಿ ಮಿಕ್ಸಿ ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಹೋಗಿತ್ತು. ಮಿಕ್ಸಿಯೇನೋ ಮೊದಲಿಗಿಂತ ಚೆನ್ನಾಗಿ ತಿರುಗಿತು. "ಉಳಿದಿದ್ದು ಇವಳ ತಲೇದಿರಬೇಕು" ಎಂದು ಅಣ್ಣ ನಕ್ಕ. ಹೆಸರು ಅಂಟಿಕೊಂಡಿತು.

ಅವಳಿಗೆ ಹದಿನಾರಾದಾಗ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮುಕ್ಕಾಲು ಮಾತು ಹೋದವು. ಅಮ್ಮ ಒಬ್ಬಳೇ ಎಳೆಯುತ್ತಿದ್ದ ಮನೆಗೆ ಈಗ ಇಬ್ಬರು ಬೇಕಾದರು: ಅವಳು ಮತ್ತು ಅತ್ತಿಗೆ. ಅಪ್ಪ, ಅಣ್ಣ ಇಬ್ಬರೂ ಅಮ್ಮನ ಮೇಲೆ ಪ್ರಾಣವನ್ನೇ ಇಟ್ಟಿದ್ದರು. ಕೈ ಮಾತ್ರ ಇಡುತ್ತಿರಲಿಲ್ಲ.

ಅತ್ತಿಗೆ ಮನೆಯಲ್ಲೇ ಕೂತು ಪ್ರೋಗ್ರಾಮ್ ಬರೆಯುವವಳು. ಕೂತು ಎನ್ನುವುದು ಬರೀ ಮಾತಿಗೆ. ಲ್ಯಾಪ್‌ಟಾಪ್ ಇರುತ್ತಿದ್ದದ್ದು ಅಡುಗೆಕಟ್ಟೆಯ ಮೇಲೆ, ಕುಕ್ಕರಿನ ಪಕ್ಕದಲ್ಲಿ. ಮೀಟಿಂಗಿನಲ್ಲಿ ಅವಳ ಸರದಿ ಬಂದಾಗ ಒಲೆ ಆರಿಸಿ, ಮಾತು ಮುಗಿಸಿ, ಮತ್ತೆ ಹೊತ್ತಿಸುತ್ತಿದ್ದಳು. "ನಮ್ಮ ಸೊಸೆ ಎರಡನ್ನೂ ಹೇಗೆ ತೂಗಿಸ್ತಾಳೆ ನೋಡಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಅಮ್ಮನ ಬೆನ್ನು ಹುಣ್ಣಾಗದಿರಲೆಂದು ತಂದಿದ್ದ ಗಾಳಿಹಾಸಿಗೆಯ ಪಂಪು ಒಂದು ದಿನ ನಿಂತಿತು. ರಿಪೇರಿಗೆ ಬಂದ ಟೆಕ್ನಿಷಿಯನ್ ಹೆಂಗಸು. ಪಂಪಿನ ಹೊಟ್ಟೆ ಬಿಚ್ಚಿ, ಒಳಗೆ ಹರಿದಿದ್ದ ರಬ್ಬರನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದಳು.

"ಇದನ್ನ ಓದೋಕೆ ಕಾಲೇಜಿದೆಯಾ?" ಎಂದು ಸ್ಕ್ರೂ ಕೇಳಿದಳು.

"ಇಲ್ದೆ ಏನು? ಆದ್ರೆ ಪೆಟ್ಟಿಗೆ ಹೊತ್ಕೊಂಡು ಆಸ್ಪತ್ರೆ ಆಸ್ಪತ್ರೆ ತಿರುಗ್ಬೇಕು. ಕಾಲಲ್ಲಿ ಚಕ್ರ ಇರ್ಬೇಕಮ್ಮ."

ಇದನ್ನೇ ಓದುವುದೆಂದು ಸ್ಕ್ರೂ ಅಂದೇ ತೀರ್ಮಾನಿಸಿದಳು. ಪ್ರೋಗ್ರಾಮಿಂಗ್ ಅನ್ನು ಶಾಲೆಯಲ್ಲಿ ಎರಡು ವರ್ಷ ಕಲಿತಿದ್ದಳು. ಅಂಕ ಬಂದಿತ್ತು, ಮನಸ್ಸು ಬಂದಿರಲಿಲ್ಲ. ಕೆಟ್ಟದ್ದನ್ನು ಕೈಯಲ್ಲಿ ಹಿಡಿಯಬೇಕು, ಮೂಸಬೇಕು, ಎಲ್ಲಿ ಬಿಸಿಯಾಗಿದೆ ಎಂದು ಮುಟ್ಟಿ ನೋಡಬೇಕು, ಅದು ಅವಳ ಜಾಯಮಾನ.

ವೈದ್ಯಕೀಯ ಉಪಕರಣಗಳ ವಿಭಾಗ ಇದ್ದದ್ದು ಆರು ಗಂಟೆ ಪ್ರಯಾಣದ ಕಾಲೇಜಿನಲ್ಲಿ, ಹಾಸ್ಟೆಲೇ ಗತಿ. ಮನೆಯ ಹತ್ತಿರದ ಕಾಲೇಜಿನಲ್ಲಿ ಇದ್ದದ್ದು ಕಂಪ್ಯೂಟರ್ ಸೈನ್ಸ್. ಅವಳ ಅಂಕಗಳಿಗೆ ಎರಡೂ ಸಿಗುವಂತಿದ್ದವು. ಸೀಟಿಗಾಗಿ ಆನ್‌ಲೈನಿನಲ್ಲಿ ತುಂಬುವ ಆಯ್ಕೆಪಟ್ಟಿಯಲ್ಲಿ ಯಾವುದು ಮೇಲಿರುತ್ತದೋ ಅದೇ ಖಾಯಂ.

"ಈ ಕೆಲಸಕ್ಕೆ ಮಾತ್ರ ಬರಬೇಡ ಕಣೇ" ಎಂದು ತರಕಾರಿ ಹೆಚ್ಚುತ್ತ ಅತ್ತಿಗೆಯೇ ಹೇಳಿದ್ದಳು. "ಇಬ್ಬರ ಕೈಗೂ ಸಿಕ್ಕಿಹಾಕ್ಕೋತೀಯ, ಆಫೀಸಿನವರಿಗೂ ಮನೆಯವರಿಗೂ. ಮಾವನ ಹತ್ರ ನಾನು ಮಾತಾಡ್ತೀನಿ."

ಪಟ್ಟಿ ತುಂಬುವ ಕೊನೆಯ ದಿನ, ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ಹಾಲಿನಲ್ಲಿ ಕೂತರು. ಲ್ಯಾಪ್‌ಟಾಪ್ ಅತ್ತಿಗೆಯ ತೊಡೆಯ ಮೇಲಿತ್ತು.

"ಸ್ಕ್ರೂ ತನ್ನ ಡ್ರೈವರ್ ಹುಡುಕ್ಕೊಂಡು ಹಾಸ್ಟೆಲಿಗೆ ಹೊರಟಿದೆಯಪ್ಪೋ" ಎಂದ ಅಣ್ಣ.

"ನಂಗೆ ಪ್ರೋಗ್ರಾಮಿಂಗ್ ಇಷ್ಟ ಇಲ್ಲಪ್ಪ."

"ಇಷ್ಟ ಏನೇ ಇಷ್ಟ? ನಿಮ್ಮಮ್ಮ ಇಷ್ಟಪಟ್ಟು ಪಾತ್ರೆ ತೊಳೆದ್ಲಾ?" ಅಪ್ಪ ಅದನ್ನು ಅಮ್ಮನ ಹೊಗಳಿಕೆಯೆಂದೇ ಹೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಆ ಕೆಲಸ ಮಾಡೋಳು ನೀನು. ನೀನೇ ಹೇಳಮ್ಮ, ನೀನು ಹೇಳಿದ ಹಾಗೇ ಆಗ್ಲಿ."

ಸ್ಕ್ರೂಗೆ ಉಸಿರು ಬಂತು. ಅಪ್ಪ ಮಾತಿಗೆ ತಪ್ಪುವವರಲ್ಲ.

ಆಗ ಒಳಗಿನಿಂದ ಅಮ್ಮ ನರಳಿದಳು. ಹಾಸಿಗೆ ಒದ್ದೆಯಾಗಿದೆ ಎಂಬ ನರಳಿಕೆ ಅದು. ಮನೆಯಲ್ಲಿ ಇಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು. ಅಮ್ಮನನ್ನು ಹೊರಳಿಸಲು ಇಬ್ಬರು ಬೇಕು. ಒಬ್ಬರು ಭುಜ, ಸೊಂಟ ಹಿಡಿದುಕೊಂಡರೆ ಇನ್ನೊಬ್ಬರು ಕೆಳಗಿನ ಬಟ್ಟೆ ಎಳೆಯಬೇಕು. ದಿನಕ್ಕೆ ಆರು ಸಲ. ಅತ್ತಿಗೆ ಆ ಕೋಣೆಯ ಬಾಗಿಲನ್ನೇ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವನು ಮೊಬೈಲು ನೋಡುತ್ತಿದ್ದ.

"ಕಂಪ್ಯೂಟರ್ರೇ ಒಳ್ಳೇದು ಮಾವ" ಎಂದಳು. "ಮನೇಲೇ ಇದ್ದು ಮಾಡ್ಬಹುದು. ಇಷ್ಟ ಆಮೇಲೆ ಬರುತ್ತೆ."

ಅತ್ತಿಗೆಯ ಬೆರಳು ಕಂಪ್ಯೂಟರ್ ಸೈನ್ಸನ್ನು ಮೇಲಿಟ್ಟು ಒತ್ತಿತು. ಪಟ್ಟಿಗೆ ಬೀಗ ಬಿತ್ತು.

ಇಬ್ಬರೂ ಎದ್ದು ಒಳಗೆ ಹೋದರು. ಸ್ಕ್ರೂ ಭುಜ ಹಿಡಿದಳು, ಅತ್ತಿಗೆ ಬಟ್ಟೆ ಎಳೆದಳು.

"ನೀನು ಹೋಗಿದ್ರೆ ಅತ್ತೇನ ಹೊರಳಿಸೋಕೆ ನನ್ನ ಜೊತೆ ಯಾರಿರ್ತಿದ್ರು? ಹೇಳು."

"ಅಣ್ಣನ್ನ ಕರೀಬಹುದಿತ್ತು."

"ಕರೆದಿದ್ದೆ, ಮೂರು ಸಲ. ವಾಸನೆ ಅಂದ್ರು." ಅತ್ತಿಗೆ ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಎದೆಗವಚಿಕೊಂಡು ನಿಂತಿದ್ದಳು. "ಬೈಯೇ, ಬಾಯಿಗೆ ಬಂದಂಗೆ ಬೈದುಬಿಡು."

ಬೈಗುಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅದು ಸಲ್ಲಬೇಕಾದವರು ಹಾಲಿನಲ್ಲಿ ಟೀವಿ ಹಾಕಿದ್ದರು. "ಇನ್ನೊಂದು ಬಟ್ಟೆ ಕೊಡಿ" ಎಂದಷ್ಟೇ ಅಂದಳು.

ನಾಲ್ಕು ವರ್ಷ ಓದಿದಳು. ಒಂದು ವಿಷಯದಲ್ಲೂ ಫೇಲಾಗಲಿಲ್ಲ, ಒಂದು ವಿಷಯವನ್ನೂ ಪ್ರೀತಿಸಲಿಲ್ಲ. ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತು. ಅಣ್ಣ ತಾನೇ ಮುಂದೆ ನಿಂತು ಅವಳ ಮೇಜನ್ನು ಅಮ್ಮನ ಕೋಣೆಗೆ ಹಾಕಿಸಿದ. "ಎರಡೂ ಒಂದೇ ಕಡೆ ಆಗುತ್ತಲ್ಲ" ಎಂದ. ತಿಂಗಳೊಳಗೆ ಅತ್ತಿಗೆ ತನ್ನ ಆಫೀಸಿಗೆ ಅರ್ಜಿ ಹಾಕಿ, ವಾರಕ್ಕೆ ಮೂರು ದಿನ ಅಲ್ಲಿಗೇ ಹೋಗಿ ಕೆಲಸ ಮಾಡಲು ಒಪ್ಪಿಗೆ ಪಡೆದಳು.

ಮೊದಲ ದಿನ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು ತಡವರಿಸಿದಳು. "ಒಬ್ಳೇ ಹೊರಳಿಸ್ತೀಯಾ?"

"ಹೇಗೋ ಮಾಡ್ತೀನಿ. ಹೊರಡಿ ಅತ್ತಿಗೆ, ಬಸ್ ತಪ್ಪುತ್ತೆ."

ಅತ್ತಿಗೆ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಓಡಿದಳು. ಅವಳು ಹಾಗೆ ಓಡಿದ್ದನ್ನು ಸ್ಕ್ರೂ ಅದುವರೆಗೆ ಕಂಡಿರಲಿಲ್ಲ. ರಸ್ತೆಯ ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಬಾಗಿಲು ಹಾಕಿ ಒಳಗೆ ಬಂದು, ಮೊಣಕಾಲನ್ನು ಅಮ್ಮನ ಬೆನ್ನಿಗೆ ಆನಿಸಿ ಬಟ್ಟೆ ಎಳೆಯತೊಡಗಿದಳು. ಅಷ್ಟರಲ್ಲಿ ಅವಳ ಕಿವಿಯ ಇಯರ್‌ಫೋನಿನೊಳಗೆ ಮೀಟಿಂಗ್ ಶುರುವಾಗಿತ್ತು.